ಮಗುವಿಗೆ ಟೊಮೆಟೊ: ಮೊದಲ ಅರ್ಧ ಚಮಚದಿಂದ ಹಸಿ ಹೋಳಿನವರೆಗೆ

ಆರು ತಿಂಗಳು ತುಂಬಿ ಮಣ್ಣಿ, ಗಂಜಿ ತಿನ್ನಲು ಶುರು ಮಾಡಿದ ಮಗುವಿಗೆ ಟೊಮೆಟೊ ಕೊಡಬಹುದು. ವರ್ಷ ತುಂಬಲಿ ಎಂದು ಕಾಯಬೇಕಾಗಿಲ್ಲ. ಆದರೆ ಕೊಡುವ ಕ್ರಮ ತಪ್ಪಿದರೆ ಬಾಯಿಯ ಸುತ್ತ ಚರ್ಮ ಕೆಂಪಾಗುತ್ತದೆ, ಸಿಪ್ಪೆ ಅಂಗುಳಕ್ಕೆ ಅಂಟಿ ಮಗು ಓಕರಿಸುತ್ತದೆ, ಇಲ್ಲವೇ ತೆಳ್ಳಗಿನ ಸಾರಿನಲ್ಲೇ ಹೊಟ್ಟೆ ತುಂಬಿ ತೂಕ ಏರುವುದು ನಿಲ್ಲುತ್ತದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಬದಿಯಡ್ಕ, ಮುಳ್ಳೇರಿಯದವರೆಗಿನ ಮನೆಗಳಲ್ಲಿ ದಿನವೂ ಆಗುವ ಅಡುಗೆಯನ್ನೇ ಮುಂದಿಟ್ಟುಕೊಂಡು, ಏನನ್ನು ಎಷ್ಟು, ಯಾವಾಗ, ಯಾಕೆ ಎಂಬುದನ್ನು ಇಲ್ಲಿ ಹೇಳಿದ್ದೇವೆ.

ಟೊಮೆಟೊವನ್ನು ಊಟದ ಲೆಕ್ಕಕ್ಕೆ ಹಿಡಿಯಬೇಡಿ. 100 ಗ್ರಾಂ ಹಣ್ಣಿನಲ್ಲಿ ಸುಮಾರು 94 ಗ್ರಾಂ ನೀರೇ ಇರುತ್ತದೆ, ಸಿಗುವ ಶಕ್ತಿ 20 ಕ್ಯಾಲೊರಿಯ ಆಸುಪಾಸು. ಪುಟ್ಟ ಹೊಟ್ಟೆಯಲ್ಲಿರುವ ಜಾಗವನ್ನು ಅದಕ್ಕೆ ಬಿಟ್ಟುಕೊಟ್ಟರೆ ಮಗುವಿಗೆ ನಷ್ಟ. ಅದರ ನಿಜವಾದ ಉಪಯೋಗ ಬೇರೆ. ಹುಟ್ಟುವಾಗ ಮಗು ತಂದ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ರಾಗಿ, ಬೇಳೆಗಳಲ್ಲಿ ಕಬ್ಬಿಣ ಇದ್ದರೂ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಹೊತ್ತಿನ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. 100 ಗ್ರಾಂ ಹಸಿ ಟೊಮೆಟೊದಲ್ಲಿ ಸುಮಾರು 14 ಮಿಲಿಗ್ರಾಂ ಸಿ ಜೀವಸತ್ವ ಇದೆ. ಬೇಯಿಸುವಾಗ ಒಂದಷ್ಟು ಹೋದರೂ ಉಳಿದದ್ದು ಕೆಲಸಕ್ಕೆ ಬರುತ್ತದೆ. ಹಣ್ಣಿಗೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಅಂತೂ ಬೆಂದು, ಸ್ವಲ್ಪ ಎಣ್ಣೆ ಅಥವಾ ತುಪ್ಪದ ಜೊತೆ ಸೇರಿದಾಗಲೇ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಬೆಂದ ಬೇಳೆ, ಅದಕ್ಕೆ ಒಂದು ಚಮಚ ಟೊಮೆಟೊ, ಮೇಲೆ ಅರ್ಧ ಚಮಚ ತುಪ್ಪ: ಮುಂದೆ ಹೇಳುವ ಎಲ್ಲದರ ಬುಡದಲ್ಲಿ ಇರುವುದು ಈ ಜೋಡಣೆಯೇ.

ಯಾವಾಗ ಶುರು ಮಾಡಬೇಕು, ಯಾವ ದಿನ ಬೇಡ

ವಯಸ್ಸು ಆರು ತಿಂಗಳು ಆಗಿರಬೇಕು. ಆಸರೆ ಕೊಟ್ಟರೆ ಮಗು ಕುಳಿತು ತಲೆಯನ್ನು ನೇರವಾಗಿ ಹಿಡಿಯಬೇಕು. ಬಾಯಿಗಿಟ್ಟದ್ದನ್ನು ನಾಲಗೆಯಿಂದ ಹೊರಗೆ ತಳ್ಳುವ ಅಭ್ಯಾಸ ಹೋಗಿರಬೇಕು. ಅಕ್ಕಿ, ರಾಗಿ, ಹೆಸರುಬೇಳೆ ಮೊದಲು ಒಗ್ಗಲಿ. ಟೊಮೆಟೊ ಅದರ ನಂತರ ಬಂದರೆ ಸಾಕು.

ಜ್ವರ, ಬೇಧಿ ಇದ್ದಾಗ, ಬಾಯಲ್ಲಿ ಹುಣ್ಣಾದಾಗ ಹೊಸ ಆಹಾರ ಬೇಡ. ಚುಚ್ಚುಮದ್ದು ಹಾಕಿಸಿದ ದಿನ, ಅದರ ಮರುದಿನವೂ ಬೇಡ. ಒಂಬತ್ತನೇ ತಿಂಗಳಲ್ಲಿ ಕೊಡುವ ದಡಾರ-ರುಬೆಲ್ಲಾ ಲಸಿಕೆಯ ನಂತರ ಒಂದು ವಾರದಿಂದ ಹನ್ನೆರಡು ದಿನಗಳ ಒಳಗೆ ಕೆಲವು ಮಕ್ಕಳಿಗೆ ಸಣ್ಣ ಜ್ವರ ಬಂದು ಮೈಮೇಲೆ ತೆಳ್ಳಗೆ ಕೆಂಪು ಗುಳ್ಳೆ ಏಳುವುದುಂಟು. ಅದೇ ಹೊತ್ತಿಗೆ ಟೊಮೆಟೊ ಶುರು ಮಾಡಿದ್ದರೆ ಗುಳ್ಳೆ ಯಾವುದರಿಂದ ಎಂದು ಗೊತ್ತಾಗದೆ, ನಿರಪರಾಧಿ ಹಣ್ಣು ತಿಂಗಳುಗಟ್ಟಲೆ ಅಡುಗೆಮನೆಯಿಂದ ಹೊರಗುಳಿಯುತ್ತದೆ.

ಅಂಗನವಾಡಿಯಲ್ಲಿ ಸಿಗುವ ಅಮೃತಂ ಪುಡಿಯ ಬಗ್ಗೆಯೂ ಇದೇ ಎಚ್ಚರ ಬೇಕು. ಅದರಲ್ಲಿ ಗೋಧಿ, ಸೋಯಾ, ನೆಲಗಡಲೆ ಎಲ್ಲವೂ ಇವೆ. ಅಲರ್ಜಿ ತರುವ ಆಹಾರಗಳ ಪಟ್ಟಿಯಲ್ಲಿ ಈ ಮೂರೂ ಟೊಮೆಟೊಗಿಂತ ಬಹಳ ಮೇಲಿವೆ. ಪುಡಿಯನ್ನೂ ಟೊಮೆಟೊವನ್ನೂ ಒಂದೇ ವಾರ ಶುರು ಮಾಡಬೇಡಿ. ಪುಡಿ ಮೊದಲೇ ಒಗ್ಗಿದ್ದರೆ ತೊಂದರೆ ಇಲ್ಲ.

ಮೈತುಂಬ ಇಸುಬು ಇರುವ, ಈ ಮೊದಲು ಬೇರೆ ಆಹಾರಕ್ಕೆ ಅಲರ್ಜಿ ಆಗಿರುವ ಮಗುವಾದರೆ ಮಕ್ಕಳ ಡಾಕ್ಟರರನ್ನು ಕೇಳಿಯೇ ಆರಂಭಿಸಿ. ಕುಡಿದ ಹಾಲನ್ನು ಪದೇ ಪದೇ ಕಕ್ಕುತ್ತ, ಬೆನ್ನು ಹಿಂದಕ್ಕೆ ಬಾಗಿಸಿ ಅಳುವ ಮಗುವಿಗೆ ಟೊಮೆಟೊದ ಹುಳಿ ಉರಿ ಹೆಚ್ಚಿಸಬಹುದು. ಎಂಟೊಂಬತ್ತು ತಿಂಗಳವರೆಗೆ ತಡೆಯುವುದು ಲೇಸು.

ಟೊಮೆಟೊ ತಿಂದರೆ ಶೀತ ಆಗುತ್ತದೆ ಎಂದು ಮನೆಯ ಹಿರಿಯರು ಹೇಳುವುದುಂಟು. ಶೀತ ಬರುವುದು ವೈರಸ್ಸಿನಿಂದ, ಹಣ್ಣಿನಿಂದಲ್ಲ. ಕಿಡ್ನಿ ಕಲ್ಲಿನ ಭಯಕ್ಕೂ ಆಧಾರವಿಲ್ಲ: ಕಲ್ಲಿಗೆ ಕಾರಣವೆನ್ನುವ ಆಕ್ಸಲೇಟ್, ಹರಿವೆ ಸೊಪ್ಪಿಗೆ ಹೋಲಿಸಿದರೆ ಟೊಮೆಟೊದಲ್ಲಿ ತೀರಾ ಕಡಿಮೆ.

ಹಣ್ಣು ಆರಿಸುವಾಗ

ನಮ್ಮ ಪೇಟೆಗೆ ಬರುವ ಟೊಮೆಟೊ ಹೆಚ್ಚಿನದೂ ಹೊರಗಿನಿಂದ ಲಾರಿಯಲ್ಲಿ ಬಂದದ್ದು, ಅರೆಹಣ್ಣಿನಲ್ಲೇ ಕೊಯ್ದದ್ದು. ಮಗುವಿಗೆ ಮೊಟ್ಟೆಯಾಕಾರದ, ತಿರುಳು ದಪ್ಪ ಇರುವ ಜಾತಿಯನ್ನು ಆರಿಸಿ. ಉರುಟಾದ ನಾಟಿ ಹಣ್ಣಿನಲ್ಲಿ ರಸವೂ ಹುಳಿಯೂ ಜಾಸ್ತಿ, ಬೇಯಿಸಿದಾಗ ಬರೀ ನೀರಾಗುತ್ತದೆ. ತಂದ ಹಣ್ಣು ಕಿತ್ತಳೆ ಬಣ್ಣದಲ್ಲಿದ್ದರೆ ತೊಟ್ಟಿನ ಭಾಗ ಕೆಳಗೆ ಮಾಡಿ, ಒಂದಕ್ಕೊಂದು ತಾಗದಂತೆ ಎರಡು ಮೂರು ದಿನ ಹೊರಗಿಡಿ. ಫ್ರಿಜ್ಜಿನಲ್ಲಿಟ್ಟರೆ ಹಣ್ಣಾಗುವುದು ಅಲ್ಲಿಗೇ ನಿಲ್ಲುತ್ತದೆ. ಚೆನ್ನಾಗಿ ಕೆಂಪಾಗಿ, ಬೆರಳಿಟ್ಟರೆ ತುಸು ಮೆತ್ತಗಾದ ಹಣ್ಣಿನಲ್ಲಿ ಹುಳಿ ಇಳಿದಿರುತ್ತದೆ.

ಹಸಿರು ಕಾಯಿಯಲ್ಲಿ ಟೊಮ್ಯಾಟಿನ್ ಎಂಬ ಕಹಿ ಅಂಶವಿದೆ, ಹಣ್ಣಾದಂತೆ ಅದು ಕಡಿಮೆಯಾಗುತ್ತದೆ. ತೊಟ್ಟಿನ ಸುತ್ತ ಹಸಿರು ಉಳಿದಿದ್ದರೆ ಆ ಭಾಗ ಕತ್ತರಿಸಿ ತೆಗೆಯಿರಿ. ಬಿರುಕಿನಲ್ಲಿ ಬೂಸ್ಟು ಕಂಡರೆ ಇಡೀ ಹಣ್ಣನ್ನೇ ಎಸೆಯಬೇಕು. ಇಷ್ಟು ರಸವಿರುವ ಹಣ್ಣಿನಲ್ಲಿ ಬೂಸ್ಟು ಕಣ್ಣಿಗೆ ಕಾಣುವುದಕ್ಕಿಂತ ಒಳಗೆ ಹೋಗಿರುತ್ತದೆ.

ತೊಳೆಯಲು ಹರಿಯುವ ನೀರು, ಕೈಯಿಂದ ಉಜ್ಜುವುದು, ಇಷ್ಟೇ ಸಾಕು. ಸಾಬೂನು ಬೇಡ. ಮಳೆಗಾಲದಲ್ಲಿ ಬಾವಿ ನೀರು ಕದಡಿದ್ದಾಗ ಕೊನೆಯ ಸಲ ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ.

ಮೊದಲ ತಿರುಳು ಮಾಡುವ ಕ್ರಮ

ಮಧ್ಯಮ ಗಾತ್ರದ ಎರಡು ಹಣ್ಣು, ಅಂದರೆ ಸುಮಾರು 180 ಗ್ರಾಂ ತೆಗೆದುಕೊಂಡರೆ ಐದಾರು ದೊಡ್ಡ ಚಮಚ ತಿರುಳು ಸಿಗುತ್ತದೆ. ದೊಡ್ಡ ಚಮಚ ಎಂದರೆ 15 ಮಿಲಿ, ಸಣ್ಣ ಚಮಚ ಎಂದರೆ 5 ಮಿಲಿ.

1. ತೊಟ್ಟಿನ ಎದುರು ತುದಿಯಲ್ಲಿ ಚೂರಿಯಿಂದ ಅಡ್ಡ-ಉದ್ದ ಸಣ್ಣ ಗೀರು ಹಾಕಿ. ಕುದಿಯುವ ನೀರಿಗೆ ಇಳಿಸಿ 30ರಿಂದ 45 ಸೆಕೆಂಡು ಬಿಡಿ. ಗೀರಿನ ಅಂಚು ಸುರುಳಿಯಾಗುತ್ತಲೇ ತೆಗೆದು ತಣ್ಣೀರಿಗೆ ಹಾಕಿ. ಸಿಪ್ಪೆ ಉಗುರಿಗೆ ಸಿಕ್ಕರೆ ಅಂಗಿ ಕಳಚಿದಂತೆ ಬಂದುಬಿಡುತ್ತದೆ. ಬಾರದಿದ್ದರೆ ಇನ್ನು ಹತ್ತು ಸೆಕೆಂಡು ಬಿಸಿನೀರು ಸಾಕು. ಹೆಚ್ಚು ಬಿಟ್ಟರೆ ಹೊರಪದರ ಬೆಂದು ಸಿಪ್ಪೆಯ ಜೊತೆ ತಿರುಳೂ ಹೋಗುತ್ತದೆ.

2. ತೊಟ್ಟಿನ ಕೆಳಗಿನ ಗಟ್ಟಿ ತಿರುಳನ್ನು ಕೊರೆದು ತೆಗೆಯಿರಿ. ಅಡ್ಡಕ್ಕೆ ಎರಡು ಹೋಳು ಮಾಡಿ, ಬೀಜವನ್ನೂ ಅದರ ಸುತ್ತಲಿನ ಲೋಳೆಯನ್ನೂ ಸಣ್ಣ ಚಮಚದಿಂದ ಹೊರಗೆ ಹಾಕಿ. ಹಣ್ಣಿನ ಹುಳಿ ಹೆಚ್ಚಾಗಿ ಇರುವುದು ಈ ಲೋಳೆಯಲ್ಲೇ. ಮೊದಲ ವಾರ ಮಾತ್ರ ಹೀಗೆ ತೆಗೆದರೆ ಸಾಕು. ಬೀಜದಿಂದ ತೊಂದರೆಯೇನೂ ಇಲ್ಲ, ಆಮೇಲೆ ಹಾಗೆಯೇ ಬಿಡಿ.

3. ಸ್ಟೀಲು ಪಾತ್ರೆಯಲ್ಲಿ, ನೀರು ಹಾಕದೆ, ಸಣ್ಣ ಉರಿಯಲ್ಲಿ ಮುಚ್ಚಿ ಐದು ನಿಮಿಷ ಬೇಯಿಸಿ. ಮುಚ್ಚಳ ತೆಗೆದು ಇನ್ನೂ ಐದಾರು ನಿಮಿಷ ಕೈಯಾಡಿಸಿ. ಪಾತ್ರೆಯ ತಳದಲ್ಲಿ ಚಮಚ ಎಳೆದಾಗ ಗೆರೆ ಒಂದು ಗಳಿಗೆ ನಿಂತು ಮತ್ತೆ ಕೂಡಿಕೊಂಡರೆ ಹದ ಸರಿ.

4. ಆರಿದ ಮೇಲೆ ಸ್ಟೀಲಿನ ಜರಡಿಯಲ್ಲಿ ಚಮಚದ ಬೆನ್ನಿನಿಂದ ಒತ್ತಿ ಇಳಿಸಿ. ಮಿಕ್ಸಿಯಲ್ಲಿ ತಿರುಗಿಸಿದರೆ ಗಾಳಿ ಸೇರಿ ಕೆಂಪು ಬಣ್ಣ ಗುಲಾಬಿಯಾಗಿ ನೊರೆ ಬರುತ್ತದೆ. ಕೆಟ್ಟದ್ದೇನಲ್ಲ, ಆದರೆ ಅಳತೆ ತಪ್ಪುತ್ತದೆ. ಚಮಚದಲ್ಲಿ ಅರ್ಧ ನೊರೆಯೇ ಇರುತ್ತದೆ.

ಅಲ್ಯುಮಿನಿಯಂ ಪಾತ್ರೆ, ಕಲಾಯಿ ಇಲ್ಲದ ತಾಮ್ರ-ಹಿತ್ತಾಳೆ ಪಾತ್ರೆ ಇದಕ್ಕೆ ಬೇಡವೇ ಬೇಡ. ಹುಳಿಗೆ ಲೋಹ ಬಿಡುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಬಹುದು, ಬೆಂದ ತಕ್ಷಣ ಬೇರೆ ಪಾತ್ರೆಗೆ ತೆಗೆಯಬೇಕು.

ಉಪ್ಪು, ಸಕ್ಕರೆ, ಬೆಲ್ಲ, ಮೆಣಸು ಯಾವುದನ್ನೂ ಹಾಕಬೇಡಿ. ಜೇನು ವರ್ಷ ತುಂಬುವವರೆಗೆ ಒಂದು ತೊಟ್ಟೂ ಕೂಡದು. ಅದರಲ್ಲಿರಬಹುದಾದ ಬೊಟುಲಿಸಂ ಕ್ರಿಮಿ ಎಳೆಯ ಕರುಳಿನಲ್ಲಿ ಬೆಳೆದು ಪ್ರಾಣಕ್ಕೇ ಅಪಾಯ ತರಬಲ್ಲದು. ಹುಳಿ ಮುರಿಯಲು ಚಿಟಿಕೆ ಸೋಡಾಪುಡಿ ಹಾಕುವುದೂ ತಪ್ಪು: ಸೋಡಿಯಂ ಹೆಚ್ಚುತ್ತದೆ, ಸಿ ಜೀವಸತ್ವ ಹಾಳಾಗುತ್ತದೆ. ಬೇಯಿಸಿದ ಸಿಹಿಗುಂಬಳ, ಕ್ಯಾರೆಟ್ ಅಥವಾ ಗೆಣಸನ್ನು ಒಂದಕ್ಕೆ ಎರಡರಂತೆ ಬೆರೆಸಿ, ಹುಳಿ ತಾನಾಗಿ ತಗ್ಗುತ್ತದೆ.

ಮೊದಲ ವಾರ

ಬೆಳಗ್ಗೆ ಕೊಡಿ. ಏನಾದರೂ ಆದರೆ ಹಗಲಿಡೀ ಮಗು ಕಣ್ಣೆದುರು ಇರುತ್ತದೆ, ಆಸ್ಪತ್ರೆಯೂ ತೆರೆದಿರುತ್ತದೆ. ಮೊದಲ ದಿನ ಅರ್ಧ ಸಣ್ಣ ಚಮಚ ತಿರುಳನ್ನು, ಮಗುವಿಗೆ ಒಗ್ಗಿದ ರಾಗಿ ಮಣ್ಣಿಯಲ್ಲೋ ಗಂಜಿಯಲ್ಲೋ ಕಲಸಿ ಕೊಡಿ. ಎರಡನೇ ದಿನ ಒಂದು ಸಣ್ಣ ಚಮಚ, ಮೂರನೇ ದಿನ ಎರಡು. ಈ ಮೂರು ದಿನ ಬೇರೆ ಹೊಸ ಆಹಾರ ಬೇಡ. ಆಮೇಲೆ ಎಂಟು ತಿಂಗಳವರೆಗೆ ದಿನಕ್ಕೆ ಒಂದು ದೊಡ್ಡ ಚಮಚ, ಒಂಬತ್ತರಿಂದ ಹನ್ನೆರಡು ತಿಂಗಳವರೆಗೆ ಎರಡು ದೊಡ್ಡ ಚಮಚ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ದಿನವೂ ಕೊಡಲೇಬೇಕೆಂದೇನೂ ಇಲ್ಲ.

ತಿನ್ನಿಸುವ ಮೊದಲು ಬಾಯಿಯ ಸುತ್ತ, ಗಲ್ಲದ ಮೇಲೆ, ಕತ್ತಿನ ಮಡಿಕೆಯಲ್ಲಿ ತೆಳ್ಳಗೆ ವ್ಯಾಸಲಿನ್ ಅಥವಾ ತೆಂಗಿನೆಣ್ಣೆ ಸವರಿ. ತಿಂದ ತಕ್ಷಣ ಒದ್ದೆ ಮೆದು ಬಟ್ಟೆಯಿಂದ ಒತ್ತಿ ಒರೆಸಿ. ಉಜ್ಜಿದರೆ ಅದರಿಂದಲೇ ಕೆಂಪಾಗುತ್ತದೆ.

ಕೆಂಪಾದರೆ: ಹುಳಿಯೋ ಅಲರ್ಜಿಯೋ

ಹೆಚ್ಚಿನ ಮನೆಗಳಲ್ಲಿ ಗಾಬರಿಯಾಗುವುದು ಇಲ್ಲೇ. ಟೊಮೆಟೊ ಹುಳಿ ಹಣ್ಣು. ಅದರ ರಸ ಎಳೆಯ ಚರ್ಮಕ್ಕೆ ತಾಗಿ ನಿಂತರೆ ತಾಗಿದ ಜಾಗ ಕೆಂಪಾಗುತ್ತದೆ, ಜೊಲ್ಲು ಸುರಿಸುವ ಮಕ್ಕಳಲ್ಲಿ ಇನ್ನೂ ಬೇಗ. ಈ ಕೆಂಪು ಚಪ್ಪಟೆಯಾಗಿರುತ್ತದೆ, ರಸ ಹರಿದ ದಾರಿಯಲ್ಲೇ ಇರುತ್ತದೆ, ತೊಳೆದ ಮೇಲೆ ಒಂದೆರಡು ಗಂಟೆಯಲ್ಲಿ ಮಾಯವಾಗುತ್ತದೆ. ಮಗು ಆಡಿಕೊಂಡಿರುತ್ತದೆ. ಇದು ಅಲರ್ಜಿಯಲ್ಲ. ಎರಡು ಮೂರು ದಿನ ಬಿಟ್ಟು, ವ್ಯಾಸಲಿನ್ ಸವರಿ, ಚಮಚ ನೇರ ಬಾಯೊಳಗೆ ಇಟ್ಟು ಕೊಟ್ಟು ನೋಡಿ. ಚರ್ಮಕ್ಕೆ ತಾಗದಿದ್ದಾಗ ಕೆಂಪೂ ಇಲ್ಲವೆಂದರೆ ಕಾರಣ ಹುಳಿಯೇ.

ಅಲರ್ಜಿಯ ಲಕ್ಷಣ ಬೇರೆ. ಸಾಮಾನ್ಯವಾಗಿ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ, ರಸ ತಾಗದ ಜಾಗದಲ್ಲೂ, ಹೊಟ್ಟೆ-ಬೆನ್ನಿನ ಮೇಲೆ ಉಬ್ಬಿದ ದದ್ದು ಏಳುತ್ತದೆ. ತುಟಿ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತದೆ. ಮತ್ತೆ ಮತ್ತೆ ವಾಂತಿ, ಬಿಡದ ಕೆಮ್ಮು, ಉಸಿರಿನಲ್ಲಿ ಸೀಟಿಯ ಸದ್ದು, ದನಿ ಕಟ್ಟುವುದು, ಮಗು ಸೋತು ಬೀಳುವುದು ಇವುಗಳಲ್ಲಿ ಯಾವುದೇ ಕಂಡರೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ಮನೆಯಲ್ಲಿರುವ ಶೀತದ ಸಿರಪ್ ಕುಡಿಸಿ ಕಾದು ಕೂರಬೇಡಿ. ಅಪರೂಪಕ್ಕೆ ತಿಂದ ಒಂದರಿಂದ ನಾಲ್ಕು ಗಂಟೆಯ ಮೇಲೆ ಚರ್ಮದಲ್ಲಿ ಏನೂ ಇಲ್ಲದೆ ವಾಂತಿಯ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಳ್ಳುವುದೂ ಉಂಟು. ಅದೂ ಆಸ್ಪತ್ರೆಗೆ ಹೋಗಬೇಕಾದ ವಿಷಯವೇ. ಇಂಥದ್ದು ಒಮ್ಮೆ ಆದ ಮೇಲೆ ಮನೆಯಲ್ಲಿ ಮರುಪರೀಕ್ಷೆ ಮಾಡಬಾರದು.

ಮಲದಲ್ಲಿ ಕೆಂಪು ಸಿಪ್ಪೆಯ ಚೂರು, ಬೀಜ ಕಂಡರೆ ಹೆದರಬೇಡಿ, ಜೀರ್ಣವಾಗದೆ ಬಂದದ್ದು. ಆದರೆ ಲೋಳೆಯ ಜೊತೆ ಎಳೆ ಎಳೆಯಾಗಿ ಕೆಂಪಿದ್ದರೆ, ಅದರಲ್ಲೂ ಮಗು ಬಿಟ್ಟು ಬಿಟ್ಟು ಕಾಲು ಮಡಚಿ ಚೀರುತ್ತಿದ್ದರೆ ಅದು ರಕ್ತವಿರಬಹುದು, ಕರುಳು ಒಂದರೊಳಗೊಂದು ಸಿಕ್ಕಿಕೊಂಡಿರಬಹುದು. ತಡ ಮಾಡದೆ ಡಾಕ್ಟರರಿಗೆ ತೋರಿಸಿ. ಮಲದ್ವಾರದ ಸುತ್ತ ಮಾತ್ರ ಕೆಂಪಾದರೆ ಅಳತೆ ಅರ್ಧ ಮಾಡಿ, ಪ್ರತಿ ಸಲವೂ ನೀರಿನಲ್ಲಿ ತೊಳೆದು ಒಣಗಿಸಿ.

ಬೇಳೆ, ಗಂಜಿಯ ಜೊತೆ

ಏಳೆಂಟು ತಿಂಗಳ ಮಗುವಿಗೆ: ಹೆಸರುಬೇಳೆ ಎರಡು ದೊಡ್ಡ ಚಮಚ, ಬೆಳ್ತಿಗೆ ಅಕ್ಕಿ ಎರಡು ದೊಡ್ಡ ಚಮಚ, ನೀರು 300 ಮಿಲಿ. ಕುಕ್ಕರಿನಲ್ಲಿ ನಾಲ್ಕು ಸೀಟಿ. ಹಬೆ ಇಳಿದ ಮೇಲೆ ಮಸೆದು, ಒಂದು ದೊಡ್ಡ ಚಮಚ ಟೊಮೆಟೊ ತಿರುಳು ಸೇರಿಸಿ ಮೂರು ನಿಮಿಷ ಕುದಿಸಿ, ಅರ್ಧ ಸಣ್ಣ ಚಮಚ ತುಪ್ಪ ಹಾಕಿ. ಎರಡು ಹೊತ್ತಿಗೆ ಆಗುತ್ತದೆ. ಟೊಮೆಟೊವನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಹಾಕಬೇಡಿ. ಹುಳಿ ಸೇರಿದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ, ಮಸೆದರೂ ಕಾಳು ಕಾಳಾಗಿ ಉಳಿದು ಮಗು ಉಗಿಯುತ್ತದೆ. ಕುಚ್ಚಲಕ್ಕಿಯಾದರೆ ಅಗುಳು ಬೆರಳಿಗೆ ಪೂರ್ತಿ ನುರಿಯುವವರೆಗೆ ಬೇಯಿಸಿ. ಬರೀ ತೆಳಿ ಕೊಟ್ಟರೆ ಹೊಟ್ಟೆ ತುಂಬಿದಂತೆ ಕಂಡೀತೇ ಹೊರತು ಶಕ್ತಿ ಸಿಗದು. ಚಮಚ ಓರೆ ಮಾಡಿದಾಗ ಸುರಿಯದೆ, ನಿಧಾನಕ್ಕೆ ಜಾರಿ ಬೀಳುವಷ್ಟು ಗಟ್ಟಿ ಇರಬೇಕು.

ಮನೆಮಂದಿಯ ಸಾರಿನಿಂದ ಕೊಡುವುದಾದರೆ ಉಪ್ಪು, ಹುಣಸೆ, ಸಾರಿನ ಪುಡಿ ಬೀಳುವ ಮೊದಲೇ ಬೇಳೆ-ಟೊಮೆಟೊದ ಪಾಲನ್ನು ತೆಗೆದಿಡಿ. ಆಮೇಲೆ ನೀರು ಹಾಕಿ ಖಾರ ಕಡಿಮೆ ಮಾಡಿದರೆ ಉಪ್ಪು ಹಾಗೇ ಇರುತ್ತದೆ, ಊಟ ತೆಳ್ಳಗಾಗುತ್ತದೆ, ಎರಡು ನಷ್ಟ. ತೆಗೆದಿಟ್ಟ ಪಾಲಿಗೆ ಎರಡು ಚಮಚ ದಪ್ಪ ಕಾಯಿಹಾಲು ಸೇರಿಸಿದರೆ ಹುಳಿ ಮೆತ್ತಗಾಗಿ ಶಕ್ತಿಯೂ ಹೆಚ್ಚುತ್ತದೆ.

ಒಂಬತ್ತು ತಿಂಗಳಿಂದ ಜರಡಿ ಬೇಡ. ಸಿಪ್ಪೆ ತೆಗೆದು ಬೇಯಿಸಿ, ಫೋರ್ಕಿನಲ್ಲಿ ಒರಟಾಗಿ ಮಸೆಯಿರಿ. ಬೆರಳು ಉದ್ದದ ಬೆಂದ ಹೋಳನ್ನು ಕೈಗೇ ಕೊಡಬಹುದು, ಎರಡು ಬೆರಳಿನ ನಡುವೆ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದಿರಬೇಕು. ನುಣ್ಣಗಿನದ್ದನ್ನೇ ವರ್ಷದವರೆಗೆ ಎಳೆದರೆ ಅಗಿಯಲು ಕಲಿಯುವುದು ತಡವಾಗುತ್ತದೆ.

ಹಸಿ ಟೊಮೆಟೊ ಮತ್ತು ಗಂಟಲಲ್ಲಿ ಸಿಕ್ಕುವ ಅಪಾಯ

ಹಸಿ ಟೊಮೆಟೊಗೆ ವರ್ಷ ತುಂಬಲಿ ಎನ್ನುತ್ತೇವೆ. ಸಿಪ್ಪೆ ಸುಲಿದ ತೆಳು ಹೋಳು ಅಥವಾ ಸಣ್ಣ ಚೂರಿನಿಂದ ಶುರು ಮಾಡಿ. ಸಿಪ್ಪೆಯನ್ನು ಚೆನ್ನಾಗಿ ಅಗಿಯಲು ದವಡೆ ಹಲ್ಲು ಬೇಕು. ಎರಡು ವರ್ಷದ ಹೊತ್ತಿಗೆ ಬಿಡಬಹುದು.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಇಡೀ ಚೆರ್ರಿ ಟೊಮೆಟೊದಲ್ಲಿ. ಉರುಟು, ಜಾರು, ಒತ್ತಿದರೆ ಆಕಾರ ಬಿಡದ ಸಿಪ್ಪೆ. ಮಗುವಿನ ಶ್ವಾಸನಾಳವನ್ನು ಪೂರ್ತಿ ಮುಚ್ಚಿಬಿಡಬಲ್ಲದು. ಅಡ್ಡಕ್ಕೆ ಎರಡು ಮಾಡಿದರೂ ಉರುಟು ಹೋಗುವುದಿಲ್ಲ. ಉದ್ದಕ್ಕೆ ಸೀಳಿ ನಾಲ್ಕು ಮಾಡಬೇಕು, ಅದೂ ಮಗುವಿಗೆ ಐದು ವರ್ಷ ಆಗುವವರೆಗೆ. ಮಗು ಕುಳಿತೇ ತಿನ್ನಬೇಕು. ಆಟೋದಲ್ಲಿ, ಬಸ್ಸಿನಲ್ಲಿ, ಓಡಾಡುತ್ತ, ಮಲಗಿಸಿ ತಿನ್ನಿಸಬೇಡಿ.

ಓಕರಿಸಿ ಕೆಮ್ಮುತ್ತಿದ್ದರೆ ಗಾಳಿ ಹೋಗುತ್ತಿದೆ ಎಂದರ್ಥ, ಕೆಮ್ಮಲು ಬಿಡಿ. ಸದ್ದೇ ಇಲ್ಲದೆ ಬಾಯಿ ತೆರೆದು ಮುಖ ನೀಲಿಗಟ್ಟಿದರೆ ಉಸಿರು ಕಟ್ಟಿದೆ. ಒಬ್ಬರು 108ಕ್ಕೆ ಕರೆ ಮಾಡಲಿ. ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ಕವುಚಿ ಮಲಗಿಸಿ, ತಲೆ ತಗ್ಗಿಸಿ ಹಿಡಿದು, ಎರಡು ಹೆಗಲೆಲುಬಿನ ನಡುವೆ ಅಂಗೈಯ ಬುಡದಿಂದ ಐದು ಗುದ್ದು ಕೊಡಿ. ಹೊರಬಾರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವೆ, ಮೊಲೆತೊಟ್ಟಿನ ಗೆರೆಗಿಂತ ತುಸು ಕೆಳಗೆ ಐದು ಸಲ ಒತ್ತಿ. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದರ ಮೇಲೊಂದರಂತೆ ಮಾಡುತ್ತಿರಿ. ವರ್ಷ ದಾಟಿದವರಿಗೆ ಬೆನ್ನಿಗೆ ಐದು ಗುದ್ದು, ನಂತರ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಿರಿ. ಮಗು ಎಚ್ಚರ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಎದೆ ಒತ್ತುವ ಪ್ರಥಮ ಚಿಕಿತ್ಸೆ ಶುರು ಮಾಡಬೇಕು. ಕಣ್ಣಿಗೆ ಕಾಣದಿದ್ದರೆ ಬಾಯಿಗೆ ಬೆರಳು ಹಾಕಿ ಕೆದಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇದನ್ನು ಓದಿ ಕಲಿಯುವುದಕ್ಕಿಂತ ತರಬೇತಿ ಪಡೆದವರಿಂದ ಕೈಯಾರೆ ಕಲಿಯುವುದು ಒಳ್ಳೆಯದು. ಚುಚ್ಚುಮದ್ದಿಗೆ ಹೋದಾಗ ಅಲ್ಲಿನ ನರ್ಸ್ ಹತ್ತಿರ ತೋರಿಸಿಕೊಡಿ ಎಂದು ಕೇಳಿ.

ಬಾಟಲಿ, ಫ್ರಿಜ್ಜು, ಹಿತ್ತಿಲು

ಟೊಮೆಟೊ ಸಾಸ್ ಟೊಮೆಟೊವಿಗೆ ಬದಲಿಯಲ್ಲ. ಒಂದು ದೊಡ್ಡ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ, ಅದರ ಮೇಲೆ ಉಪ್ಪು. ಎರಡು ವರ್ಷದವರೆಗೆ ಮುಟ್ಟಿಸಬೇಡಿ. ಡಬ್ಬಿಯ ಪ್ಯೂರಿ ಕೊಳ್ಳುವುದಾದರೆ ಲೇಬಲ್ಲಿನಲ್ಲಿ ಉಪ್ಪು, ಸಕ್ಕರೆ ಇಲ್ಲದ್ದನ್ನು ನೋಡಿ.

ಮಾಡಿದ ತಿರುಳನ್ನು ಗಾಜು ಅಥವಾ ಸ್ಟೀಲು ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಫ್ರೀಜರಿನಲ್ಲಿ ಇಟ್ಟರೆ ಒಂದು ತಿಂಗಳು. ಒಂದು ಗುಂಡಿಯಲ್ಲಿ ಸುಮಾರು ಒಂದು ದೊಡ್ಡ ಚಮಚ ಹಿಡಿಯುತ್ತದೆ, ಅಳತೆಗೂ ಸುಲಭ. ಮಳೆಗಾಲದಲ್ಲಿ ಕರೆಂಟು ಹೋಗಿ ಗಡ್ಡೆ ಕರಗಿದರೆ ಮತ್ತೆ ಗಟ್ಟಿ ಮಾಡಬೇಡಿ; ಇನ್ನೂ ತಣ್ಣಗಿದ್ದರೆ ಅಂದೇ ಕುದಿಸಿ ಬಳಸಿ, ಇಲ್ಲವಾದರೆ ಎಸೆಯಿರಿ. ಮಗುವಿನ ಎಂಜಲು ಚಮಚ ತಾಗಿದ ಉಳಿಕೆ ತೆಗೆದಿಡುವಂಥದ್ದಲ್ಲ. ಸೆಕೆಗಾಲದಲ್ಲಿ ಹೊರಗಿಟ್ಟದ್ದು ಒಂದು ಗಂಟೆಗಿಂತ ಹೆಚ್ಚಾದರೆ ಕೊಡಬೇಡಿ.

ಒಂದೂವರೆ ವರ್ಷದ ಮೇಲೆ ಮಗು ಟೊಮೆಟೊ ಕಂಡರೆ ಮುಖ ತಿರುಗಿಸುವುದು ಸಹಜ. ಒತ್ತಾಯ ಬೇಡ. ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೆ ಬಾಯಿಗಿಡುವ ಮಕ್ಕಳೇ ಹೆಚ್ಚು.

ಮನೆಯಲ್ಲೇ ಬೆಳೆಯುವ ಆಸೆಯಿದ್ದರೆ ಮಳೆ ಕಡಿಮೆಯಾದ ಮೇಲೆ ಗ್ರೋ ಬ್ಯಾಗಿನಲ್ಲಿ ನೆಡಿ. ನಮ್ಮ ಹುಳಿ ಮಣ್ಣಿನಲ್ಲಿ ಟೊಮೆಟೊ ಗಿಡ ಕಾಯಿ ಕಟ್ಟುವ ಹೊತ್ತಿಗೆ ಒಮ್ಮೆಲೇ ಬಾಡಿಹೋಗುವುದು ಬ್ಯಾಕ್ಟೀರಿಯಾ ಬಾಡು ರೋಗದಿಂದ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ತಳಿಗಳು ಅದನ್ನು ತಡೆದುಕೊಳ್ಳುತ್ತವೆ. ಬೀಜ, ಸಸಿಯ ವಿಷಯ ಕೃಷಿ ಭವನದಲ್ಲಿ ವಿಚಾರಿಸಿ. ಗಿಡವನ್ನು ತೆವಳುವ ಮಗುವಿನ ಕೈಗೆ ಎಟುಕದಲ್ಲಿ ಇಡಿ. ಎಲೆ, ದಂಟು, ಹಸಿರು ಕಾಯಿ ಬಾಯಿಗೆ ಹೋಗಬಾರದು. ಔಷಧಿ ಸಿಂಪಡಿಸಿದ್ದರೆ ಕೊಯ್ಯುವ ಮೊದಲು ಎಷ್ಟು ದಿನ ಬಿಡಬೇಕೆಂದು ಅದರ ಚೀಟಿಯಲ್ಲಿ ನೋಡಿ, ಅಷ್ಟು ದಿನ ದಾಟಿದ ಮೇಲಷ್ಟೇ ಹಣ್ಣನ್ನು ಮಗುವಿಗೆಂದು ಕೊಯ್ಯಿರಿ.